ಮೆಣಸಿನಕಾಯಿ ಚೀಲದ ಚಲನ ಮೀಮಾಂಸೆ: ಉಚಿತ ಟ್ರಯಲ್ ಅವಧಿಯ ಒಂದು ಮಹಾಪ್ರಬಂಧ

ಕೆಲಸವೊಂದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ನಡುದಾರಿಯಲ್ಲಿ ಮಾಯವಾಗದಂತೆ ಕಾಯುವ ವಿದ್ಯೆಗೆ ಲೋಕವು ವರ್ಕ್‌ಫ್ಲೋ ಎಂದು ಹೆಸರಿಟ್ಟಿದೆ. ಇದರ ಸೂತ್ರಗ್ರಂಥ ಬಿಪಿಎಂಎನ್ 2.0, ಪ್ರಕಟವಾದದ್ದು 2011ರ ಜನವರಿಯಲ್ಲಿ. ಅದರ ಪ್ರಕಾರ ಸಕಲ ವ್ಯವಹಾರವೂ ವೃತ್ತದಿಂದ ಹುಟ್ಟಿ, ಮೂಲೆ ಸವೆದ ಚೌಕಗಳಲ್ಲಿ ದುಡಿದು, ವಜ್ರಾಕೃತಿಯ ಬಳಿ ಅತ್ತಲೋ ಇತ್ತಲೋ ಎಂದು ತಡವರಿಸಿ, ಮತ್ತೊಂದು ವೃತ್ತದಲ್ಲಿ ಮೋಕ್ಷ ಪಡೆಯುತ್ತದೆ. ಒಂದು ತಂತ್ರಾಂಶವನ್ನು ಇನ್ನೊಂದಕ್ಕೆ ಗಂಟು ಹಾಕುವ ಝೇಪಿಯರ್ ಅಮೆರಿಕದಲ್ಲಿ ಹುಟ್ಟಿದ್ದೂ 2011ರಲ್ಲೇ. ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದೂ 2011ರಲ್ಲೇ. ಕರ್ನಾಟಕದ ಸಕಾಲ ಕಾಯ್ದೆಯೂ 2011ರದ್ದೇ. ಇವು ನಾಲ್ಕೂ ಕಾಕತಾಳೀಯ ಎನ್ನುವ ವಿದ್ವಾಂಸರ ಬಗ್ಗೆ ಪ್ರಸ್ತುತ ಸಂಶೋಧಕನಿಗೆ ಮರುಕವಿದೆ.

ಅಧ್ಯಯನಕ್ಕೆ ಆರಿಸಿಕೊಂಡದ್ದು ಹುಬ್ಬಳ್ಳಿ–ಬೆಂಗಳೂರು ರೈಲುಮಾರ್ಗದ ಮೂರು ಊರುಗಳನ್ನು: ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು. ಉಪಕರಣ, ಹೆಸರು ಹೇಳಬಾರದ ಒಂದು ಜಾಲತಾಣ ಸೇವೆಯ ಉಚಿತ ಟ್ರಯಲ್. ದಾಟಿಸಿದ ಕೂಡಲೇ ಹಸಿರಾಗುವ ಚೌಕಗಳು, ತಡವಾದರೆ ಕೆಂಪಾಗುವ ಚೌಕಗಳು, ಮೂಲೆಯಲ್ಲಿ ಸದಾ ನಗುವ ಒಂದು ರೋಬೋ.

ಹಾವೇರಿ ಪಂಥವನ್ನು ಬೇಗ ಮುಗಿಸಬಹುದು. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದ ಈ ಊರು ಕಚೇರಿಗಳ ಊರು; ಇಲ್ಲಿನ ಸೂತ್ರ ಸಕಾಲ. ಅರ್ಜಿ ಕೊಟ್ಟವನಿಗೆ ಹದಿನೈದು ಅಂಕಿಯ ಸಂಖ್ಯೆ ಸಿಗುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ. ಅಂದರೆ ಇಪ್ಪತ್ತೈದು ದಿನಗಳ ನಂತರದ ವಿಳಂಬಕ್ಕೆ ಬೆಲೆಯೇ ಇಲ್ಲ. ಕಾಲವು ಇಪ್ಪತ್ತಾರನೆಯ ದಿನ ನಿಂತುಬಿಡುತ್ತದೆ ಎಂಬ ಈ ತತ್ತ್ವವನ್ನು ಭೌತವಿಜ್ಞಾನಿಗಳು ಇನ್ನೂ ಗಮನಿಸಿದಂತಿಲ್ಲ.

ರಾಣೆಬೆನ್ನೂರು ಪಂಥ ಗಹನವಾದದ್ದು. ಸುತ್ತಲಿನ ಹೊಲಗಳಲ್ಲಿ ಹತ್ತಿ, ಟೊಮೆಟೊ, ಮೆಣಸಿನ ಹೈಬ್ರಿಡ್ ಬೀಜ ತಯಾರಾಗುತ್ತದೆ. ಅದರ ಜೀವಾಳ ಕ್ರಾಸಿಂಗ್. ಇಳಿಹೊತ್ತಿನಲ್ಲಿ ಹೆಣ್ಣಾಳುಗಳು ಮರುದಿನ ಅರಳಬೇಕಾದ ಮೊಗ್ಗನ್ನು ಬಿಡಿಸಿ ಗಂಡು ಕೇಸರ ತೆಗೆಯುತ್ತಾರೆ. ಹತ್ತಿಯಾದರೆ ಅದಕ್ಕೊಂದು ಕೆಂಪು ಕಾಗದದ ಟೊಪ್ಪಿಗೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ಪರಾಗ ಸವರಿ ಬೇರೆ ಬಣ್ಣದ ಟೊಪ್ಪಿಗೆ ಹಾಕುತ್ತಾರೆ. ಟೊಮೆಟೊಗೆ ಟೊಪ್ಪಿಗೆಯ ವೈಭವವಿಲ್ಲ, ಎರಡು ಪುಷ್ಪಪತ್ರ ಕತ್ತರಿಸಿ ಗುರುತು ಮಾಡಿದರೆ ಆಯಿತು. ಕೆಂಪೆಂದರೆ ಕೆಲಸ ಬಾಕಿ, ಬಣ್ಣ ಬದಲಾದರೆ ಮುಗಿಯಿತು. ತಂತ್ರಾಂಶದ ಜಾಹೀರಾತು ಕ್ರಾಂತಿಕಾರಿ ಎಂದು ಕೊಂಡಾಡಿದ್ದು ಇದನ್ನೇ. ಅಲ್ಲಿ ಪ್ರತಿ ಬಳಕೆದಾರನಿಗೂ ತಿಂಗಳ ಚಂದಾ, ಇಲ್ಲಿ ದಿನಗೂಲಿ. ಚಂದಾ ಕಂಪನಿಗೆ ಹೋಗುತ್ತದೆ, ಕೂಲಿ ಕೆಲಸ ಮಾಡಿದವರಿಗೆ ಬರುತ್ತದೆ ಎಂಬುದಷ್ಟೇ ತಾತ್ತ್ವಿಕ ವ್ಯತ್ಯಾಸ.

ಇನ್ನು ಬ್ಯಾಡಗಿ. ಇಲ್ಲಿನ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣವನ್ನು ಹಿಂಡಿ ತೆಗೆದ ಓಲಿಯೋರೆಸಿನ್ ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ. ಸಂಶೋಧಕ ಪ್ರಯೋಗಿಸಿದ ತಂತ್ರಾಂಶದ ಡ್ಯಾಶ್‌ಬೋರ್ಡೂ ಇದೇ ತಳಿಯದು. ಸೋಮವಾರ ಮತ್ತು ಗುರುವಾರದ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯಿಂದಲೂ ಚೀಲಗಳು ಬಂದಿಳಿಯುತ್ತವೆ. ಬಾಯಿ ಬಿಚ್ಚಿದ ಚೀಲಗಳ ಸಾಲಿನಲ್ಲಿ ಖರೀದಿದಾರರು ನಡೆಯುತ್ತ, ಒಂದು ಕಾಯಿ ಮುರಿದು, ಬೀಜ ನೋಡಿ, ಸುಕ್ಕು ನೋಡಿ, ಹಸಿಯೋ ಒಣಗಿದೆಯೋ ಎಂದು ಹಿಚುಕಿ, ಕಡ್ಡಿ ತಳಿಯೋ ಡಬ್ಬಿ ತಳಿಯೋ ಎಂದು ತೀರ್ಮಾನಿಸಿ ಲಾಟ್ ನಂಬರಿನ ಮುಂದೆ ದರ ನಮೂದಿಸುತ್ತಾರೆ. ಮೊದಲು ಚೀಟಿ, ಈಗ ಇ-ಟೆಂಡರ್. ರಾಜ್ಯ ಸರ್ಕಾರ ಎನ್‌ಸಿಡಿಇಎಕ್ಸ್ ಎಂಬ ಸರಕು ವಿನಿಮಯ ಕೇಂದ್ರದ ಬಳಗದೊಡನೆ ಸಮಪಾಲಿನಲ್ಲಿ ಕಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್‌ನ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಶುರುವಾಯಿತು; ದೆಹಲಿಯ ಇ-ನಾಮ್ ಬಂದದ್ದು ಆಮೇಲೆ, 2016ರಲ್ಲಿ. ಈ ವಿಷಯದಲ್ಲಿ ನಾವು ದೇಶಕ್ಕಿಂತ ಎರಡು ವರ್ಷ ಮುಂದಿದ್ದೆವೆಂದು ಇಲ್ಲಿ ದಾಖಲಿಸದಿದ್ದರೆ ಸಂಶೋಧಕನ ನಾಡಭಿಮಾನಕ್ಕೆ ಕುಂದು.

ದರ ಘೋಷಣೆಯಾದ ಮೇಲೆ ವಜ್ರಾಕೃತಿ: ರೈತ ಒಪ್ಪಿದರೆ ತೂಕ, ಒಪ್ಪದಿದ್ದರೆ ಕೋಲ್ಡ್ ಸ್ಟೋರೇಜ್. ನಕ್ಷೆಯಲ್ಲಿ ಇದು ಒಂದಂಗುಲದ ಚಿತ್ರ. ಮಾರುಕಟ್ಟೆಯಲ್ಲಿ ಇದಕ್ಕೆ ಒಂದು ಪ್ಲೇಟು ಗಿರ್ಮಿಟ್, ಎರಡು ಮಿರ್ಚಿ, ಊರಿಗೊಂದು ಫೋನು, ಪಕ್ಕದ ಚೀಲದವನ ದರದ ವಿಚಾರಣೆ ಇಷ್ಟು ಬೇಕಾಗುತ್ತದೆ. ಕಡೆಗೆ ರೈತ ತಿರುಗಿ ನೋಡುವುದು ದಲಾಲರ ಮುಖವನ್ನು.

ಪ್ರಬಂಧದ ತಿರುಳು ಇಲ್ಲಿದೆ. ದಲಾಲಿ ಅಂಗಡಿಯೇ ಈ ಸೀಮೆಯ ಪ್ರಾಚೀನ ಸಮಗ್ರ ವೇದಿಕೆ. ಬಿತ್ತನೆಗೆ ಮುಂಗಡ, ಗೊಬ್ಬರಕ್ಕೆ ಕೈಗಡ, ಮಗಳ ಮದುವೆಗೆ ದೊಡ್ಡ ಮೊತ್ತ, ಮಾಲು ಬಂದ ರಾತ್ರಿ ಮಲಗಲು ಜಾಗ, ಮಾರಿದ ಮೇಲೆ ಎಲ್ಲವನ್ನೂ ಮುರಿದುಕೊಂಡು ಕೈಗಿಡುವ ಪಟ್ಟಿ: ಇಷ್ಟೂ ಒಂದೇ ಗಾದಿಯ ಮೇಲೆ, ಒಂದೇ ವಹಿಯಲ್ಲಿ, ಯಾವ ಪಾಸ್‌ವರ್ಡೂ ಇಲ್ಲದೆ ನಡೆಯುತ್ತದೆ. ಕಂಪ್ಯೂಟರು ಬಂದು ಕೂತದ್ದು ಈ ಸರಪಳಿಯ ನಡುವಿನ ಒಂದು ಕೊಂಡಿಯ ಮೇಲೆ, ದರ ಹೇಳುವ ಜಾಗದಲ್ಲಿ. ಅಲ್ಲಿ ಒಳ್ಳೆಯದೇ ಆಗಿದೆ. ಯಾರು ಎಷ್ಟು ಹಾಕಿದರೆಂಬುದು ಮುಚ್ಚಿಟ್ಟ ಚೀಟಿಯಲ್ಲಿ ಉಳಿಯುವುದಿಲ್ಲ. ಆದರೆ ಚೀಲ ಈ ಅಂಗಡಿಯ ಮುಂದೆಯೇ ಏಕೆ ಇಳಿಯಿತು ಎಂಬುದು ಹೊಸ ವೇದಿಕೆಗೆ ಗೊತ್ತಿಲ್ಲ. ಹಳೆಯ ವೇದಿಕೆಗೆ ಗೊತ್ತು, ಹೋದ ವರ್ಷದಿಂದಲೇ ಗೊತ್ತು.

ಸೂತ್ರಗ್ರಂಥದಲ್ಲಿ ಮಿಂಚಿನ ಗುರುತೊಂದಿದೆ. ಪ್ರಕ್ರಿಯೆ ಎಡವಿದ್ದನ್ನು ಅದು ಸೂಚಿಸುತ್ತದೆ. ಮಿಂಚಿನಿಂದ ಒಂದು ಬಾಣ ಹೊರಟು ಪರಿಹಾರದ ಚೌಕಕ್ಕೆ ತಲುಪಬೇಕೆಂಬುದು ಶಾಸ್ತ್ರ. 2024ರ ಮಾರ್ಚ್ 11, ಸೋಮವಾರ, ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆ ದಿನದ ನಕ್ಷೆಯನ್ನು ಬರೆಯಲು ಸಂಶೋಧಕ ಕುಳಿತ. ಮಿಂಚು ಸುಲಭವಾಗಿ ಬಂತು. ಬಾಣವನ್ನು ಎಲ್ಲಿಗೆ ಎಳೆಯಬೇಕೆಂದು ತಿಳಿಯದೆ ಮೌಸು ಹಿಡಿದೇ ಕುಳಿತ. ಮೂಲೆಯ ರೋಬೋ ನಗುತ್ತಲೇ ಇತ್ತು.

ಮುಂದಾಗುವುದನ್ನು ಊಹಿಸುವ ಘಟಕವೊಂದು ಹೆಚ್ಚಿನ ಚಂದಾಕ್ಕೆ ಲಭ್ಯವಿತ್ತು. ಅದನ್ನು ಸಂಶೋಧಕ ಕೊಳ್ಳಲಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಹೊತ್ತಿಗೆ ಗೊರವಪ್ಪ ಬಿಲ್ಲನ್ನೇರಿ ನುಡಿಯುವ ಕಾರಣಿಕ ಒಂದೇ ಸಾಲಿನದು. ಮಳೆ, ಬೆಳೆ, ಸರ್ಕಾರ ಮೂರಕ್ಕೂ ಅದು ಸಾಕಾಗುತ್ತದೆ; ಅರ್ಥ ಬಿಡಿಸಿಕೊಳ್ಳುವ ಹೊಣೆ ಬಳಕೆದಾರನದು. ದುಬಾರಿ ತಂತ್ರಾಂಶದ ವರದಿಯೂ ಇದಕ್ಕಿಂತ ಭಿನ್ನವಲ್ಲ, ಬಿಲ್ಲು ಹತ್ತುವವರಿಲ್ಲ ಅಷ್ಟೆ.

ಟ್ರಯಲ್ ಮುಗಿಯುವ ಮುನ್ನ, ತಜ್ಞರ ಪರಾಮರ್ಶೆಯೆಂಬ ವಿಧಿಯನ್ನು ಪೂರೈಸಲು, ಸಂಶೋಧಕ ಲ್ಯಾಪ್‌ಟಾಪ್ ಹೊತ್ತು ಬ್ಯಾಡಗಿಯ ಒಂದು ಗಾದಿಯೇರಿದ. ದಲಾಲರು ಕನ್ನಡಕ ಸರಿಸಿ ಪರದೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ವೃತ್ತ, ಚೌಕ, ವಜ್ರ, ಹಸಿರು, ಕೆಂಪು ಎಲ್ಲವನ್ನೂ ಮೆಚ್ಚಿದರು. ಗುಮಾಸ್ತನಿಗೆ ಹೇಳಿ ಚಹಾ ತರಿಸಿದರು. ಆಮೇಲೆ ಕೇಳಿದರು:

“ಭಾಳ ಛಲೋ ಐತ್ರಿ ಸರ್ರ. ಇದರಾಗ ಉದ್ರಿ ಎಲ್ಲಿ ಬರಿಯೂದ್ರಿ?”