ಹೆಬ್ಬೆರಳು ಸ್ತಂಭನ ಮೀಮಾಂಸೆ: ತಂಬೂರ ಕಟ್ಟೆಯ ಆಧಾರಗಳೊಂದಿಗೆ

ಮೊದಲು ಪ್ರೇಕ್ಷಕನ ಲಕ್ಷಣ. ಕಲಘಟಗಿ ತಾಲೂಕಿನ ತಂಬೂರಿನಲ್ಲಿ ಸಂಜೆ ಹೊತ್ತು ಕಟ್ಟೆಯ ಮೇಲೆ ಕುಳಿತು, ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈ ಹೆಬ್ಬೆರಳಿನಿಂದ ಲೋಕವನ್ನು ಮೇಲಕ್ಕೆ ತಳ್ಳುತ್ತಿರುವವನೇ ಈ ಶಾಸ್ತ್ರದ ಪ್ರೇಕ್ಷಕ. ಆ ಬೆರಳು ಕ್ಷಣಕಾಲ ನಿಂತರೆ ಆಕರ್ಷಣ. ನಿಂತೇ ಇದ್ದರೆ ಧಾರಣ. ಆದರೆ ನಿಂತದ್ದೆಲ್ಲ ಧಾರಣವಲ್ಲ. ಎಡ ಅಂಗೈಯ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಲಿಕ್ಕೂ ಅದೇ ಬೆರಳು ಬೇಕು. ತರ್ಕಶಾಸ್ತ್ರದಲ್ಲಿ ಇದನ್ನು ಹೇತ್ವಾಭಾಸ ಎನ್ನುತ್ತಾರೆ. ಆ್ಯಪ್ ಕಂಪನಿಯವರು ವಾಚ್ ಟೈಮ್ ಎನ್ನುತ್ತಾರೆ.

ಟಿಕ್‌ಟಾಕ್ ಎಂಬುದು ಇಲ್ಲಿನ ಪ್ರಾಚೀನ ಸಂಪ್ರದಾಯ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಅದು ಲುಪ್ತವಾಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಎಂಬ ಎರಡು ಶಾಖೆಗಳು ಹುಟ್ಟಿದವು. ಇವುಗಳ ತತ್ವಭೇದದ ಬಗ್ಗೆ ತಂಬೂರಿನ ವಿದ್ವಾಂಸರು ತಲೆ ಕೆಡಿಸಿಕೊಂಡಿಲ್ಲ. ಒಂದೇ ವಿಡಿಯೊ ಎರಡೂ ಕಡೆ ಹಾಕುತ್ತಾರೆ.

ಬೆರಳು ನಿಲ್ಲಿಸುವುದು ಅಮೆರಿಕದ ವಿದ್ಯೆ ಎಂಬುದು ಪೂರ್ವಪಕ್ಷ. ಫೀಸು ತೆಗೆದುಕೊಂಡು ರೀಲ್ ಕಲಿಸುವವರ ವಾದವಿದು. ಅಸಂಬದ್ಧ. ನಾಟ್ಯಶಾಸ್ತ್ರದ ಐದನೆಯ ಅಧ್ಯಾಯದಲ್ಲಿ ನಾಟಕಕ್ಕೆ ಮೊದಲಿನ ಪೂರ್ವರಂಗವನ್ನು ವಿಧಿಸಿದ ಭರತನೇ, ಅಲ್ಲಿ ಹಾಡು, ಕುಣಿತ, ವಾದ್ಯ ಅತಿಯಾದರೆ ಆಡುವವರೂ ನೋಡುವವರೂ ದಣಿಯುತ್ತಾರೆಂದು ಎಚ್ಚರಿಸಿದ್ದಾನೆ. "ನಮಸ್ಕಾರ್ರೀ ಎಲ್ಲಾರಿಗೂ, ನಮ್ಮ ಚಾನಲ್‌ಗೆ ಸ್ವಾಗತ, ಹೊಸಬ್ರಿದ್ರ ಸಬ್‌ಸ್ಕ್ರೈಬ್ ಆಗ್ರಿ, ಬೆಲ್ ಒತ್ತೂದು ಮರೀಬ್ಯಾಡ್ರಿ" ಎನ್ನುವ ಹೊತ್ತಿಗೆ ಪ್ರೇಕ್ಷಕ ಮೂರು ವಿಡಿಯೊ ದಾಟಿರುತ್ತಾನೆ.

ಹಾಗಾದರೆ ದೊಡ್ಡಾಟದ ಗತಿಯೇನು ಎಂದು ಆಕ್ಷೇಪಿಸಬಹುದು. ಅಲ್ಲಿ ಗಣಪತಿ ಸ್ತುತಿ ಮುಗಿದು ವೇಷ ಅಟ್ಟದ ಮೇಲೆ ಬಂದರೂ ಕಥೆ ಶುರುವಾಗುವುದಿಲ್ಲ. ಸಾರಥಿ ಅಡ್ಡ ನಿಂತು, ನೀವು ಯಾರು, ಯಾವ ಪಟ್ಟಣದವರು, ಬಂದ ಕಾರಣವೇನು ಎಂದು ತನಿಖೆ ನಡೆಸುತ್ತಾನೆ. ಎದೆಯ ಮೇಲೆ ಹೆಸರು ಬರೆದುಕೊಂಡು ಬಂದರೂ ಬಿಡುವವನಲ್ಲ. ಭುಜಕೀರ್ತಿ ಕುಣಿಸುತ್ತ, ಹಲಗೆ ಮುರಿಯುವಂತೆ ಹೆಜ್ಜೆ ಹಾಕುತ್ತ ವೇಷಧಾರಿ ಉತ್ತರ ಕೊಡಬೇಕು. ಅಷ್ಟಾದರೂ ಗೋಣಿತಾಟು ಹಾಸಿಕೊಂಡ ಮಂದಿ ಬೆಳ್ಳಿ ಮೂಡುವ ತನಕ ಏಳುತ್ತಿರಲಿಲ್ಲ. ಕತ್ತಲಲ್ಲಿ ಒಬ್ಬರೇ ಮನೆಗೆ ಹೋಗುವ ಭಯವೂ ಒಂದು ಕಾರಣವಿರಬಹುದು, ಅದನ್ನು ಪಕ್ಕಕ್ಕಿಡೋಣ. ಎಷ್ಟು ತಡವಾದರೂ ಕೀಚಕ ಸತ್ತೇ ಸಾಯುತ್ತಿದ್ದ. "ಕೊನೀತನಕ ನೋಡ್ರಿ, ಶಾಕ್ ಆಗ್ತೀರಿ" ಎಂಬ ರೀಲಿನಲ್ಲಿ ಬೋರ್‌ವೆಲ್ಲಿನಿಂದ ಮೋಟರು ಅರ್ಧ ಮೇಲೆ ಬರುತ್ತದೆ, ಪೈಪು ಅಲುಗುತ್ತದೆ, ಆಮೇಲೆ "ಪಾರ್ಟ್ 2" ಎಂದು ತೆರೆ ಬೀಳುತ್ತದೆ. ಆ ಮೋಟರು ಇಂದಿಗೂ ಅಂತರಿಕ್ಷದಲ್ಲೇ ಇದೆ.

ಇನ್ನು ಸಿದ್ಧಿ, ಅಂದರೆ ಪ್ರಯೋಗದ ಯಶಸ್ಸು. ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯದ ಪ್ರಕಾರ ನಗುವುದು, 'ಸಾಧು', 'ಅಹೋ' ಎಂದು ಕೂಗುವುದು, ಮೈ ಜುಮ್ಮೆಂದು ಎದ್ದು ನಿಲ್ಲುವುದು, ಬಟ್ಟೆ ಉಂಗುರ ಎಸೆಯುವುದು, ಇವು ಮಾನುಷೀ ಸಿದ್ಧಿಯ ಗುರುತುಗಳು. ಇಂದು 'ಸಾಧು'ವಿನ ಜಾಗದಲ್ಲಿ 'ಸೂಪರ್ ಅಣ್ಣಾ' ಬಂದಿದೆ. ಉಂಗುರ ಬಿಚ್ಚಿದ ನಿದರ್ಶನ ತಂಬೂರಿನಲ್ಲಿ ದೊರೆತಿಲ್ಲ. ಸದ್ದೇ ಇಲ್ಲದೆ ರಂಗ ತುಂಬಿದ್ದರೆ ಅದು ದೈವೀ ಸಿದ್ಧಿ. ಲೈಕ್ ಒತ್ತದೆ ದಿನವೂ ನೋಡುವ ಬೀಗರನ್ನು ಈ ವರ್ಗಕ್ಕೆ ಸೇರಿಸಬೇಕು. ವೈರಿಗಳು ರಂಗದ ಮೇಲೆ ಸೆಗಣಿ, ಹೆಂಟೆ, ಇರುವೆ ಎಸೆಯುವ ವಿಘ್ನವನ್ನೂ ಭರತ ಮರೆತಿಲ್ಲ. ಕಾಮೆಂಟುಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದು ಪುನರುಕ್ತಿದೋಷ.

ಗುಣದೋಷ ನಿರ್ಣಯಕ್ಕೆ ಭರತ ಹತ್ತು ಬಗೆಯ ಪ್ರಾಶ್ನಿಕರನ್ನು ಹೇಳುತ್ತಾನೆ. ಕಂಪನಿ ಆ ಹತ್ತೂ ಮಂದಿಯನ್ನು ಬಿಡಿಸಿ ಒಂದು ಯಂತ್ರ ಇಟ್ಟಿದೆ. ಶಾಸ್ತ್ರಕ್ಕೆ ನಿಷ್ಠನಾಗಿ ನಾನು ಕಟ್ಟೆಯ ಮೇಲೆ ಹಳೆಯ ಸಭೆಯನ್ನೇ ಕೂಡಿಸಲು ಹೊರಟೆ. ವೈಯಾಕರಣಿಯ ಜಾಗಕ್ಕೆ ನಿವೃತ್ತ ಮಾಸ್ತರರು. ರಾಜಸೇವಕನ ಜಾಗಕ್ಕೆ ಪಂಚಾಯ್ತಿಯ ವಾಟರ್‌ಮನ್. ಬಿಲ್ಲುಗಾರ ಸಿಗದೆ, ಕವಣೆ ಬೀಸಿ ಹಕ್ಕಿ ಓಡಿಸುವವನನ್ನು ಕರೆದೆ. ಚಿತ್ರಗಾರರಿಗೆ ಮಾತ್ರ ಕಲಘಟಗಿಯಲ್ಲಿ ಬರವಿಲ್ಲ. ಅವರ ಬಣ್ಣದ ತೊಟ್ಟಿಲು ದೂರದೂರಿಗೆ ಹೋಗುತ್ತದೆ. ನಟ ಯಶ್ ದಂಪತಿಯ ಮಗುವಿಗೆಂದು ನಟ ಅಂಬರೀಶ್ ಹೇಳಿ ಮಾಡಿಸಿದ ತೊಟ್ಟಿಲು, 2018ರಲ್ಲಿ ಅಂಬರೀಶ್ ತೀರಿಕೊಂಡ ಮೇಲೆ ಸುದ್ದಿಯಾದಾಗ ನಾಡೇ ಕಣ್ಣರಳಿಸಿ ನೋಡಿತು. ಪ್ರೇಕ್ಷಕನನ್ನು ಮಲಗಿಸುವುದಕ್ಕೆಂದೇ ಮಾಡಿದ ವಸ್ತುವಿಗೆ ಇಷ್ಟು ಗಮನ ಸಿಕ್ಕಿದ್ದನ್ನು ಯಾವ ರೀಲ್ ಗುರುವೂ ವಿವರಿಸಿಲ್ಲ.

ಪರೀಕ್ಷೆಗೆ ಇಟ್ಟದ್ದು ಊರ ಹುಡುಗನೊಬ್ಬನ ಶಾರ್ಟ್. ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಹಚ್ಚುವಾಗ ಎತ್ತು ಬಾಲವನ್ನು ಡಬ್ಬಿಯಲ್ಲಿ ಅದ್ದಿ ಅವನ ಮುಖಕ್ಕೇ ಬೀಸುತ್ತದೆ.

"ತಮ್ಮಾ, ಇನ್ನೊಮ್ಮೆ ಹಾಕು. ಚಾಳೀಸ ಹಾಕ್ಕೊಂಡಿದ್ದಿಲ್ಲ," ಎಂದರು ಮಾಸ್ತರರು.

ಹಾಕಿದ.

"ಇದು ನಮ್ಮ ಕಾಕಾನ ಎತ್ತಲ್ಲೇನು?" ಎಂದ ಕವಣೆಯವನು. ಅಲ್ಲವೆಂದ ವಾಟರ್‌ಮನ್. ಮತ್ತೆ ಹಾಕಿಸಿದರು.

2025ರ ಮಾರ್ಚ್ 31ರಿಂದ ಶಾರ್ಟ್ ಒಂದು ಓಡಲು ಶುರುವಾದ ಪ್ರತಿ ಸಲವೂ, ಮರಳಿ ಓಡಿದರೂ, ಒಂದೊಂದು ವ್ಯೂ ಎಂದೇ ಯೂಟ್ಯೂಬಿನ ಲೆಕ್ಕ. ಹುಡುಗ ಬಾಯಿ ಬಿಡಲಿಲ್ಲ. ಎತ್ತು ಯಾರದೆಂದೂ ಹೇಳಲಿಲ್ಲ.