ಕವಿಶೈಲಾರೋಹಣ ಮೀಮಾಂಸೆ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯ ಹಿಂದಿರುವ ಗುಡ್ಡವನ್ನು, ಅವರ ಕೃತಿಗಳನ್ನು ಓದಿದವರೂ ಓದದವರೂ ಒಂದೇ ಸಮನಾದ ಏದುಸಿರಿನಿಂದ ಹತ್ತಿ, ಸಮಾಧಿಯ ಮುಂದೆ ಕ್ಷಣಕಾಲ ಗಂಭೀರವಾಗಿ ನಿಂತು, ಸೂರ್ಯಾಸ್ತದ ಪಟ ತೆಗೆದುಕೊಂಡು ಇಳಿಯುವ ಕ್ರಿಯೆಗೆ ಕವಿಶೈಲಾರೋಹಣವೆಂದು ಹೆಸರು. ಈ ಲಕ್ಷಣದಿಂದ 'ಓದದವರೂ' ಎಂಬ ಪದವನ್ನು ಕೈಬಿಟ್ಟರೆ ಅವ್ಯಾಪ್ತಿ ದೋಷ, ಎಂದರೆ ಲಕ್ಷ್ಯದ ಬಹುಭಾಗವೇ ಹೊರಗುಳಿಯುವ ದೋಷ, ತಗಲುತ್ತದೆ.

ಈ ಕರ್ಮಕ್ಕೆ ಅಧಿಕಾರಿ ಯಾರೆಂಬುದು ಮೊದಲ ಜಿಜ್ಞಾಸೆ. ಶಾಸ್ತ್ರದಲ್ಲಿ ಅಧಿಕಾರಿಯೆಂದರೆ ಅರ್ಹತೆಯುಳ್ಳವನೇ ಹೊರತು ಸರ್ಕಾರಿ ಜೀಪಿನಲ್ಲಿ ಬಂದವನಲ್ಲ. 1967ರಲ್ಲಿ ಪ್ರಕಟವಾದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಹತ್ತಿ ಇಳಿಯಲು ವಾರಗಳೇ ಬೇಕು. ಗುಡ್ಡಕ್ಕಾದರೋ ಕೆಲವೇ ನಿಮಿಷ ಸಾಕು. ಯಜ್ಞಕ್ಕೆ ಸೋಮಲತೆ ಸಿಗದಿದ್ದಲ್ಲಿ ಪೂತೀಕವೆಂಬ ಸಸ್ಯವನ್ನು ಬಳಸಬಹುದೆಂಬ ಪ್ರತಿನಿಧಿ ನ್ಯಾಯದಂತೆ ಕಾದಂಬರಿಗೆ ಬದಲಾಗಿ ಗುಡ್ಡ ಸಲ್ಲುತ್ತದೆಂದು ಹಲವರು ಭಾವಿಸಿದಂತಿದೆ. ಹಾಗಾದರೆ ಕಾರಿನಲ್ಲಿ ಮೇಲಿನವರೆಗೂ ಬರುವವರದು ಪ್ರತಿನಿಧಿಗೂ ಪ್ರತಿನಿಧಿಯಾಗುವುದರಿಂದ ಅವರ ಫಲದ ಬಗ್ಗೆ ಮೌನವೇ ಲೇಸು.

ಶಿಖರದ ಬಂಡೆಯ ಮೇಲೆ 1936ರಲ್ಲಿ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಕೆತ್ತಿದ ಹೆಸರಿನ ಗುರುತುಗಳಿವೆ. ದೊಡ್ಡವರು ನಡೆದದ್ದೇ ಪ್ರಮಾಣವಾದ್ದರಿಂದ ಬಾಣ ಚುಚ್ಚಿದ ಹೃದಯವನ್ನೂ ಅದರ ಎರಡು ಬದಿಗೆ ಎರಡು ಅಕ್ಷರಗಳನ್ನೂ ಕೆತ್ತುವುದು ಶಿಷ್ಟಾಚಾರವೇ ಎಂಬುದು ಕಾಲೇಜು ಪ್ರವಾಸಿಗರ ಪೂರ್ವಪಕ್ಷ. ಇದಕ್ಕೆ ಸಿದ್ಧಾಂತ ಹೀಗೆ: ಆ ಮೂವರೂ ಕಲ್ಲಿಗೆ ಕೈಹಚ್ಚುವ ಮುನ್ನ ಕಾಗದದ ಮೇಲೆ ಧಾರಾಳವಾಗಿ ಬರೆದಿದ್ದರು, ಪೂರ್ವಪಕ್ಷಿಗಳಾದರೋ ಉತ್ತರಪತ್ರಿಕೆಯಲ್ಲೂ ಅಷ್ಟು ಬರೆದವರಲ್ಲ.

1994ರ ನವೆಂಬರಿನಲ್ಲಿ ಮೈಸೂರಿನಲ್ಲಿ ತೀರಿಕೊಂಡ ಕವಿಯ ಅಂತ್ಯಕ್ರಿಯೆ ನಡೆದ ಈ ನೆಲದಲ್ಲಿ, ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆಯಂತೆ, ಬೃಹತ್ ಶಿಲಾಯುಗದ ಗೋರಿಗಳನ್ನು ನೆನಪಿಸುವ ಹೆಗ್ಗಲ್ಲುಗಳು ಎದ್ದು ನಿಂತಿವೆ. ಮುಂದೆಂದೋ ಅಗೆಯಲು ಬರುವ ಪುರಾತತ್ತ್ವಜ್ಞರು ಕಾಲನಿರ್ಣಯದಲ್ಲಿ ಮೂರು ಸಾವಿರ ವರ್ಷ ಎಡವಿದರೆ ಅದು ಅವರ ತಪ್ಪಾಗಲಾರದು. ಪುರೋಹಿತಶಾಹಿಯನ್ನು ಖಂಡಿಸುತ್ತಲೇ ಬಾಳಿದವರ ಸಮಾಧಿಗೆ ಮೂರು ಸುತ್ತೋ ಐದು ಸುತ್ತೋ ಎಂಬ ಚರ್ಚೆ ಅಲ್ಲಿಯೇ, ಕಲ್ಲುಗಳ ಸಮಕ್ಷಮದಲ್ಲಿಯೇ, ನಡೆಯುವುದುಂಟು.

ಮಳೆಗಾಲದ ಆರೋಹಣಕ್ಕೆ ಉಂಬಳವೆಂಬ ಅಂಗವೊಂದು ಹೆಚ್ಚು. ಒದ್ದೆ ತರಗೆಲೆಯ ಮೇಲೆ ನೂಲಿನೆಳೆಯಂತೆ ನಿಮಿರಿ ಬಳುಕುವ ಈ ಜೀವಿ, ಕಾಲುಚೀಲದ ಹೆಣಿಗೆಯ ಸಂದಿನಲ್ಲಿ ನುಸುಳಿ, ಕಚ್ಚಿದ್ದು ತಿಳಿಯದಂತೆ ಹೀರಿ, ನೇರಳೆಹಣ್ಣಿನಂತೆ ಊದಿಕೊಂಡು ತಾನಾಗಿ ಉದುರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ್ಯ ಅದರ ಜೊಲ್ಲಿನಲ್ಲಿರುವುದರಿಂದ ಗಾಯ ಬಹಳ ಹೊತ್ತು ಜಿನುಗುತ್ತಲೇ ಇರುತ್ತದೆ. ಉಪ್ಪು ಅಥವಾ ಸುಣ್ಣ ಬೆರೆಸಿದ ಹೊಗೆಸೊಪ್ಪು ಇದಕ್ಕೆ ಪರಿಹಾರವೆಂದು ಸ್ಥಳೀಯರು ವಿಧಿಸುತ್ತಾರೆ. ಓದಿದವರು, ಓದದವರು, ಕಾರಿನವರು ಎಂಬ ಹಿಂದಿನ ವರ್ಗೀಕರಣವನ್ನು ಉಂಬಳವು ಒಪ್ಪಿದಂತೆ ಕಾಣುವುದಿಲ್ಲ.