ಲಡಾಖ್ ಅಳಿಯ

ಶನಿವಾರ ಬೆಳಿಗ್ಗೆ ಪಾಂಡವಪುರದ ಐದು ದೀಪದ ವೃತ್ತದಲ್ಲಿ ಮೊಣಕಾಲಿಗೆ ಕವಚ, ಮೊಣಕೈಗೆ ಕವಚ, ಹೆಲ್ಮೆಟ್ಟಿನ ನೆತ್ತಿಗೊಂದು ಕ್ಯಾಮೆರಾ ಕಟ್ಟಿಕೊಂಡವನೊಬ್ಬ ಬೈಕಿನಿಂದ ಇಳಿದು ಎರಡು ಇಡ್ಲಿ ಕೇಳಿದರೆ, ಎಲ್ಲೋ ಯುದ್ಧ ಶುರುವಾಗಿದೆ ಎಂದು ಗಾಬರಿ ಬೀಳಬೇಡಿ. ಅವನು ಊರಿನ ಹುಡುಗನೇ. ಬೆಂಗಳೂರಿನಲ್ಲಿ ಐದು ದಿನ ಕಂಪ್ಯೂಟರ್ ಮುಂದೆ ಕೂತಿರುತ್ತಾನೆ. ಉಳಿದೆರಡು ದಿನ ಸಾಹಸಿ. ಕೆಲವು ವರ್ಷಗಳ ಹಿಂದೆ ಒಂದೇ ಒಂದು ಸಲ ಲಡಾಖಿಗೆ ಹೋದ. ಹೋದದ್ದು ಹದಿನೈದು ದಿನಕ್ಕೆ. ವಾಪಸ್ಸು ಬರುವುದು ಮಾತ್ರ ಇನ್ನೂ ಮುಗಿದಿಲ್ಲ.

ಮಾತು ಎಲ್ಲಿಂದ ಹೊರಟರೂ ಅವನು ಅದನ್ನು ಅಡಿಗಳಲ್ಲೇ ಅಳೆಯುತ್ತಾನೆ. ಹಾಲಿನ ಡೈರಿ ಮುಂದೆ ಯಾರಾದರೂ ಚಳಿ ಅಂದರೆ ಸಾಕು, ‘ಇದೂ ಒಂದು ಚಳೀನಾ?’ ಎಂದು ಮೊಬೈಲು ತೆಗೆಯುತ್ತಾನೆ. ಮೊದಲ ಫೋಟೊದಲ್ಲಿ ಖಾರ್ದುಂಗ್ ಲಾ ಘಾಟಿಯ ಬೋರ್ಡು: 18,380 ಅಡಿ. ಅದರ ನಿಜವಾದ ಎತ್ತರ ಹದಿನೇಳೂವರೆ ಸಾವಿರ ಅಡಿಯ ಆಸುಪಾಸು ಎಂದು ಜಿಪಿಎಸ್ ಹಿಡಿದು ಅಳೆದವರು ಎಂದೋ ಹೇಳಿಯಾಗಿದೆ. ಆದರೆ ಬೋರ್ಡಿಗೆ ಒರಗಿ ಫೋಟೊ ತೆಗೆಸಿಕೊಂಡವನು ಎಂಟುನೂರು ಅಡಿಯನ್ನು ಸುಮ್ಮನೆ ಬಿಟ್ಟುಕೊಡುತ್ತಾನೆಯೇ? ಹೊಲದ ಬದು ಒತ್ತಿದರೆ ಸುಮ್ಮನಿರದ ಜಿಲ್ಲೆ ನಮ್ಮದು. ಅವನಿಗೆ ದೊಡ್ಡ ಪೆಟ್ಟು ಬಿದ್ದದ್ದು 2021ರಲ್ಲಿ. ಗಡಿ ರಸ್ತೆ ಸಂಸ್ಥೆಯವರು ಉಮ್ಲಿಂಗ್ ಲಾ ಮೇಲೆ 19,024 ಅಡಿಯಲ್ಲಿ ಹಾಕಿದ ರಸ್ತೆಗೆ ಗಿನ್ನೆಸ್ ದಾಖಲೆ ಸಿಕ್ಕಿತು. ಅಲ್ಲಿಗೂ ಹೋಗಿಬಂದ ಇನ್ನೊಬ್ಬ ಸಾಹಸಿ ಕೆ.ಆರ್. ಪೇಟೆ ಕಡೆ ಇದ್ದಾನೆ. ಮದುವೆ ಮನೆಯಲ್ಲಿ ಇಬ್ಬರನ್ನೂ ಒಂದೇ ಪಂಕ್ತಿಗೆ ಕೂರಿಸುವ ಹಾಗಿಲ್ಲ.

ಇಷ್ಟು ಎತ್ತರ ಏರಿದವನನ್ನು ಸರಿಯಾಗಿ ನೆಲಕ್ಕಿಳಿಸಿದ್ದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರಾಕ್ಟರು ಬರುವಂತಿಲ್ಲ. ಹಿಮಾಲಯ ಹತ್ತಿ ಇಳಿದ ಬೈಕನ್ನೂ ಸಂತೆಗೆ ಕೋಳಿ ಒಯ್ಯುವ ಆಟೊವನ್ನೂ ಸರ್ಕಾರ ಒಂದೇ ಸಾಲಿನಲ್ಲಿ ಬರೆದುಬಿಟ್ಟಿತು. ಮೇಲೆ ಆರು ಪಥದಲ್ಲಿ ಕಾರುಗಳು ಭರ್ರೆಂದು ಹೋಗುತ್ತಿದ್ದರೆ, ಕೆಳಗೆ ಸರ್ವಿಸ್ ರಸ್ತೆಯಲ್ಲಿ ನಮ್ಮವನು ಕಬ್ಬು ಹೇರಿದ ಟ್ರಾಕ್ಟರಿನ ಬೆನ್ನಿಗೆ ಬಿದ್ದು, ಹೆಲ್ಮೆಟ್ಟಿಗೆ ಸೋಗೆ ಸವರಿಸಿಕೊಳ್ಳುತ್ತ ಮಂಡ್ಯ ದಾಟುತ್ತಾನೆ. ಅವನು ಹಾಕುವ ವಿಡಿಯೊದಲ್ಲಿ ಆ ಭಾಗ ಇರುವುದಿಲ್ಲ.

ಮನೆ ತಲುಪಿದ ಮೇಲೆ ಮೊದಲ ಕೆಲಸ ಮಲಗುವುದು. ಲೇಹ್ ಪಟ್ಟಣ ಇರುವುದು ಹನ್ನೊಂದೂವರೆ ಸಾವಿರ ಅಡಿಯಲ್ಲಿ. ಅಲ್ಲಿಗೆ ಹೋದವರು ಮೊದಲೆರಡು ದಿನ ಓಡಾಡದೆ, ಗಾಳಿಗೆ ಮೈ ಹೊಂದಿಸಿಕೊಳ್ಳಬೇಕು. ಆ ಪಾಠವನ್ನು ಅವನು ಪಾಂಡವಪುರದಲ್ಲೂ ಚಾಚೂ ತಪ್ಪದೆ ಪಾಲಿಸುತ್ತಾನೆ. ಅಪ್ಪ ‘ಬಾರ್ಲಾ, ಗದ್ದೆಗೆ ಗೊಬ್ಬರ ಹಾಕಬೇಕು’ ಅಂದರೆ, ‘ಮೈ ಇನ್ನೂ ಸೆಟ್ ಆಗ್ಬೇಕು ಅಪ್ಪ’ ಎಂದು ಮಗ್ಗುಲಾಗುತ್ತಾನೆ. ಭಾನುವಾರ ಮೈ ಸೆಟ್ ಆಗುವ ಹೊತ್ತಿಗೆ ಹೊರಡುವ ಹೊತ್ತಾಗಿರುತ್ತದೆ. ರಾತ್ರಿ ಮಲಗುವುದು ತಾರಸಿಯ ಮೇಲೆ, ಮೈನಸ್ ಹತ್ತು ಡಿಗ್ರಿ ತಡೆಯುವ ಟೆಂಟಿನೊಳಗೆ. ಅಜ್ಜಿ ಒಂದು ಸಲ ಅದರೊಳಗೆ ಇಣುಕಿ ನೋಡಿ, ‘ಸೊಳ್ಳೆಪರದೆ ಚೆಂದಾಗೈತೆ’ ಅಂದಳು. ಹ್ಯಾಂಡಲಿಗೆ ಕಟ್ಟಿದ ಐದು ಬಣ್ಣದ ಬೌದ್ಧ ಬಾವುಟಗಳನ್ನು ಯಾವುದೋ ಜಾತ್ರೆಯವೆಂದು ಕಣ್ಣಿಗೊತ್ತಿಕೊಂಡಳು. ಬೈಕಿನ ಎರಡೂ ಬದಿಯ ಅಲ್ಯುಮಿನಿಯಂ ಪೆಟ್ಟಿಗೆಗಳು ಹಿಮದಲ್ಲಿ ಸಿಕ್ಕಿಬಿದ್ದಾಗ ಬೇಕಾಗುವ ಸಾಮಾನಿಗೆಂದು ಮಾಡಿಸಿದವು. ಅವುಗಳಲ್ಲಿ ಒಂದಕ್ಕೆ ಅವ್ವ ರಾಗಿಹಿಟ್ಟು, ಇನ್ನೊಂದಕ್ಕೆ ಅವರೆಕಾಯಿ ಮತ್ತು ಆಲೆಮನೆಯ ಬೆಲ್ಲ ಒತ್ತಿ ತುಂಬುತ್ತಾಳೆ.

ನಡುವೆ ಸಾಹಸವೂ ಆಗಬೇಕಲ್ಲ. ಊರ ಪಕ್ಕದಲ್ಲೇ ಕುಂತಿಬೆಟ್ಟವಿದೆ. ಕುಂತಿ ಮತ್ತು ಪಾಂಡವರು ಇಲ್ಲಿ ತಂಗಿದ್ದರು ಎಂದು ಊರವರ ನಂಬಿಕೆ. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಬ್ರಿಟಿಷರ ಕಾಗದಪತ್ರದಲ್ಲಿ ಈ ಊರು ‘ಫ್ರೆಂಚ್ ರಾಕ್ಸ್’ ಆಗಿತ್ತು. ಪಟ್ಟಣ ಆ ಹೆಸರನ್ನು ಬಿಟ್ಟು ಎಷ್ಟೋ ಕಾಲವಾಯಿತು. ನಮ್ಮ ಸಾಹಸಿ ಎತ್ತಿಕೊಂಡಿದ್ದಾನೆ. ‘ಕುಂತಿಬೆಟ್ಟ ಹತ್ತಿದೆ’ ಅಂದರೆ ಆಫೀಸಿನವರು ಹರಕೆ ಇತ್ತೇ ಎಂದು ಕೇಳುತ್ತಾರೆ. ‘ಫ್ರೆಂಚ್ ರಾಕ್ಸ್ ಸನ್‌ರೈಸ್ ಟ್ರೆಕ್’ ಅಂದರೆ ಮುಂದಿನ ವಾರ ನಾವೂ ಬರುತ್ತೇವೆ ಅನ್ನುತ್ತಾರೆ. ಹಾಗೆ ಬಂದವರನ್ನು ಬೆಟ್ಟ ಹತ್ತಿಸಿ, ತೊಣ್ಣೂರು ಕೆರೆ ತೋರಿಸಿ, ಮೇಲುಕೋಟೆಗೆ ಕರೆದೊಯ್ದು ಪುಳಿಯೋಗರೆ ಕೊಡಿಸುತ್ತಾನೆ. ಯೋಗನರಸಿಂಹನ ಬೆಟ್ಟದ ಮೆಟ್ಟಿಲ ಮೇಲೆ ಕೂತು ಆಮ್ಲಜನಕ ಕಡಿಮೆಯಾದರೆ ಏನೇನಾಗುತ್ತದೆ ಎಂದು ವಿವರಿಸುತ್ತಾನೆ. ಬರಿಗಾಲಲ್ಲಿ ಹತ್ತುವ ಹೆಂಗಸರು ಅವನ ಬೂಟು ಸುತ್ತಿಕೊಂಡು ಮುಂದೆ ಹೋಗುತ್ತಾರೆ.

ಅವನ ಕಥೆಗಳನ್ನೆಲ್ಲ ಒಂದು ಭಾನುವಾರ ತಡೆದು ನಿಲ್ಲಿಸಿದ್ದು ಅವನ ಸೋದರಮಾವ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಮನುಷ್ಯ. ಲಡಾಖಿನ ಫೋಟೊಗಳನ್ನೆಲ್ಲ ತಾಳ್ಮೆಯಿಂದ ನೋಡಿ ಕೇಳಿದ:

‘ಅಲ್ಲಿ ಮಳೆ ಎಷ್ಟ್ಲಾ?’

‘ಮಳೇನೇ ಇಲ್ಲ ಮಾವ. ವರ್ಷಕ್ಕೆ ನೂರು ಮಿಲಿಮೀಟರು ಬಂದ್ರೆ ಹೆಚ್ಚು. ಮರುಭೂಮಿ.’

‘ಮತ್ತೆ ಈ ಫೋಟೊದಲ್ಲಿ ಹಸ್ರುಗೈತಲ್ಲ, ಏನ್ ಬೆಳೆ ಅದು? ನೀರು ಎಲ್ಲಿಂದ?’

ಅಳಿಯ ಫೋಟೊ ದೊಡ್ಡದು ಮಾಡಿ ನೋಡಿದ. ತನ್ನ ಬೈಕಿನ ಹಿಂದೆ ಗದ್ದೆ ಇದ್ದದ್ದು ಅವನಿಗೂ ಆಗಲೇ ಗೊತ್ತಾದದ್ದು. ಆದರೂ ಸೋಲೊಪ್ಪದೆ ತಾನು ಇಳಿದುಕೊಂಡಿದ್ದ ಲೇಹ್‌ನ ಮನೆಯವರಿಗೆ ಫೋನು ಹಚ್ಚಿದ. ಮಾವ ಫೋನು ಕಿತ್ತುಕೊಂಡ. ಬೆಲ್ಲದ ಮಂಡಿಯಲ್ಲಿ ಸೇಟುಗಳ ಜೊತೆ ಚೌಕಾಸಿ ಮಾಡಿ ಕಲಿತ ಹಿಂದಿ ಅವನದು. ಬೆಳೆ ಬಾರ್ಲಿ ಎಂದು ಗೊತ್ತಾಯಿತು. ವರ್ಷಕ್ಕೊಂದೇ ಬೆಳೆ, ಬೆಟ್ಟದ ಮೇಲಿನ ಹಿಮ ಕರಗಿದ ನೀರು, ಅದಕ್ಕೆ ಸಣ್ಣ ಕಾಲುವೆ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ಸರದಿ ನೋಡಿ ಬಿಡಲು ಹಳ್ಳಿಗೊಬ್ಬ ಛುರ್ಪೋನ್. ‘ನಮ್ಮ ಕೆರೆ ನೀರಗಂಟಿ ಥರ!’ ಎಂದು ಮಾವ ಜಗಲಿಯಿಂದ ಎದ್ದೇ ನಿಂತ. ಆಮೇಲೆ ಇಬ್ಬರೂ ರೈತರು ಅರ್ಧ ಗಂಟೆ ಮಾತಾಡಿದರು: ಒಡ್ಡು ಒಡೆಯುವವರು, ರಾತ್ರಿ ನೀರು ಕದಿಯುವವರು, ಪಂಚಾಯ್ತಿ, ಗೊಬ್ಬರದ ರೇಟು. ಫೋನಿನ ಚಾರ್ಜು ಮುಗಿಯುತ್ತ ಬಂದಾಗ ಅಳಿಯ ಪವರ್ ಬ್ಯಾಂಕ್ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ.

ಫೋನು ವಾಪಸ್ಸು ಕೊಡುತ್ತ ಮಾವ ಬೇಜಾರಿನಿಂದ ಹೇಳಿದ: ‘ಅಲ್ಲೂ ಕೊನೇ ಹೊಲದೋನಿಗೆ ನೀರು ಎಟುಕಲ್ವಂತೆ ಕಣ್ಲಾ. ಇಷ್ಟು ದಿನ ಏನೇನೋ ಹೇಳಿದೆ, ಇದೊಂದು ಹೇಳಲೇ ಇಲ್ವಲ್ಲ ನೀನು?’

ಅಳಿಯ ಹೆಲ್ಮೆಟ್ಟು ಹಾಕಿಕೊಳ್ಳುತ್ತಿದ್ದವನು ತಟ್ಟನೆ ತಿರುಗಿದ.

‘ಆ ಹೊಲ ಎಷ್ಟು ಅಡಿ ಎತ್ತರದಲ್ಲೈತೆ ಅಂತ ಕೇಳಿದ್ರಾ ಮಾವ?’